ದಕ್ಕೆಯಲ್ಲಿ ಜಾಗದ ಲೆಕ್ಕ

ಜುಲೈ ತಿಂಗಳ ಒಂದು ಬೆಳಿಗ್ಗೆ, ಮಳೆ ಹೊಳವಾದ ಹೊತ್ತು ನೋಡಿ ಮಂಗಳೂರಿನ ಸ್ಟೇಟ್‌ಬ್ಯಾಂಕಿನಿಂದ ಬಂದರಿನ ಓಣಿಗಳಲ್ಲಿ ಇಳಿದು ದಕ್ಕೆಗೆ ಬನ್ನಿ. ಹೊಳೆಯ ದಡದಲ್ಲೇ ನಿಂತಿರುತ್ತೀರಿ, ಹೊಳೆ ಮಾತ್ರ ಕಾಣಿಸುವುದಿಲ್ಲ. ಕಾಣುವುದು ಬೋಟು. ಅದರಾಚೆ ಮತ್ತೊಂದು, ಅದರಾಚೆ ಇನ್ನೊಂದು. ನಡುವೆ ಹಳೆ ಲಾರಿ ಟಯರುಗಳನ್ನು ಇಳಿಬಿಟ್ಟು, ಮಗ್ಗುಲಿಗೆ ಮಗ್ಗುಲು ಒತ್ತಿ ಕಟ್ಟಿದ ಸಾಲು ನೀರಿನ ಮೇಲೆ ದೂರದವರೆಗೆ ಹೋಗಿರುತ್ತದೆ. ಎದುರು ದಡದ ಬೆಂಗ್ರೆಯಲ್ಲೂ ಇದೇ ನೋಟ. ಮಂಗಳೂರಿನಲ್ಲಿ ಸಾವಿರಕ್ಕೂ ಮಿಕ್ಕಿ ಯಾಂತ್ರೀಕೃತ ಬೋಟುಗಳಿವೆ. ಇವುಗಳ ಮೀನುಗಾರಿಕೆಗೆ ನಿಷೇಧವಿರುವ ಜೂನ್ 1ರಿಂದ ಜುಲೈ 31ರವರೆಗಿನ 61 ದಿನ ಅವಷ್ಟೂ ಒಟ್ಟಿಗೆ ಮನೆಗೆ ಬಂದು ಕೂರುತ್ತವೆ. ಮನೆ ಮಾತ್ರ ಹಿಂದಿನಷ್ಟೇ ಇದೆ.

ಲಂಡನ್, ಆಮ್‌ಸ್ಟರ್‌ಡಾಂನಂಥ ಊರುಗಳಲ್ಲಿ ದೋಣಿ ಕಟ್ಟಲು ಜಾಗವಿಲ್ಲ ಎಂಬ ತಕರಾರು ಬಹಳ ದಿನಗಳದು. ಅಲ್ಲಿ ಅದು ನಗರದೊಳಗಿನ ಕಾಲುವೆಗಳ ಸಮಸ್ಯೆ. ನಮ್ಮಲ್ಲಿ ದೋಣಿ ಓಡುವ ಕಾಲುವೆಗಳಿಲ್ಲ. ಆ ಕೆಲಸವನ್ನು ಎರಡು ಹೊಳೆಗಳ ಕೊನೆಯ ಕೆಲವು ಕಿಲೋಮೀಟರುಗಳು ಮಾಡುತ್ತವೆ. ಉತ್ತರದಿಂದ ಬರುವ ಗುರುಪುರ ಹೊಳೆ, ಅಂದರೆ ಫಲ್ಗುಣಿ, ಕಡಲಿನ ಹತ್ತಿರ ಬಂದೂ ನೇರ ಕಡಲಿಗೆ ಬೀಳುವುದಿಲ್ಲ. ತಣ್ಣೀರುಬಾವಿ, ಬೆಂಗ್ರೆಗಳ ಉದ್ದನೆಯ ಮರಳುಪಟ್ಟಿಯ ಬೆನ್ನಿಗೆ ಅಂಟಿಕೊಂಡು ದಕ್ಷಿಣಕ್ಕೆ ಹರಿದು, ಪೂರ್ವದಿಂದ ಬಂದ ನೇತ್ರಾವತಿಯನ್ನು ಕೂಡಿಕೊಂಡ ಮೇಲೆಯೇ ಉಳ್ಳಾಲದ ಪಕ್ಕದ ಅಳಿವೆ ಬಾಗಿಲಿನಲ್ಲಿ ಹೊರಬೀಳುತ್ತದೆ. ಒಂದು ಕಡೆ ಊರು, ಇನ್ನೊಂದು ಕಡೆ ಮರಳುಪಟ್ಟಿ, ನಡುವೆ ಅಲೆಗಳ ಹೊಡೆತವಿಲ್ಲದ ನೀರು. ಬಂದರಿಗೆ ಇದಕ್ಕಿಂತ ಒಳ್ಳೆಯ ಜಾಗ ಇನ್ನೇನು ಬೇಕು? ಯುದ್ಧನೌಕೆಗಳು ಈ ಹೊಳೆಯೊಳಗೆ ನುಗ್ಗದಂತೆ ಕಾಯಲೆಂದೇ ಟಿಪ್ಪು 1784ರಲ್ಲಿ ಬೋಳೂರಿನ ಸುಲ್ತಾನ್ ಬತ್ತೇರಿಯನ್ನು ಕಟ್ಟಿಸಿದ. 1865ರಲ್ಲಿ ಜೆಪ್ಪುವಿನಲ್ಲಿ ಬಾಸೆಲ್ ಮಿಷನ್ನಿನ ಹಂಚಿನ ಕಾರ್ಖಾನೆ ಶುರುವಾದ ಮೇಲೆ ಇದೇ ನೀರಿನ ದಡದುದ್ದಕ್ಕೂ ಹಂಚಿನ ಕಾರ್ಖಾನೆಗಳೆದ್ದವು. ಮಣ್ಣು ದೋಣಿಯಲ್ಲಿ ಬರುತ್ತಿತ್ತು, ಹಂಚು ದೋಣಿಯಲ್ಲೇ ಹೋಗುತ್ತಿತ್ತು.

ಆಗಿನ ಬಂದರಿನ ರೀತಿ ಬೇರೆ ಇತ್ತು ಎಂಬುದನ್ನು ಇಲ್ಲಿ ನೆನಪಿಡಬೇಕು. ದೊಡ್ಡ ಹಡಗುಗಳು ಒಳಗೆ ಬರುತ್ತಲೇ ಇರಲಿಲ್ಲ. ಹೊರಗೆ ಕಡಲಲ್ಲಿ ಲಂಗರು ಹಾಕಿ ನಿಲ್ಲುತ್ತಿದ್ದವು, ಸಣ್ಣ ದೋಣಿಗಳು ಅಳಿವೆ ದಾಟಿ ಸರಕನ್ನು ಹಡಗಿಗೆ ಮುಟ್ಟಿಸಿ ಬರುತ್ತಿದ್ದವು. ಮಳೆಗಾಲದಲ್ಲಿ ಬಂದರಿಗೇ ರಜೆ. ಹೀಗಾಗಿ ಇಲ್ಲಿನ ದಕ್ಕೆ ಕಟ್ಟಿದ್ದು ತೆಳುನೀರಿನಲ್ಲಿ ಸರಿದಾಡುವ ದೋಣಿಗಳಿಗೆ. ಪಣಂಬೂರಿನ ನವಮಂಗಳೂರು ಬಂದರು 1974–75ರಲ್ಲಿ ಶುರುವಾದಾಗ ಹಡಗಿನ ವ್ಯಾಪಾರ ಅತ್ತ ಹೋಯಿತು. ಹಳೆ ಬಂದರಿನಲ್ಲಿ ಲಕ್ಷದ್ವೀಪಕ್ಕೆ ಸಾಮಾನು ಒಯ್ಯುವ ಮಂಜಿಗಳು ಉಳಿದವು. ಅಮಿನಿದಿವಿ ದ್ವೀಪಗಳು 1956ರವರೆಗೆ ದಕ್ಷಿಣ ಕನ್ನಡ ಜಿಲ್ಲೆಗೇ ಸೇರಿದ್ದವು, ಆ ನಂಟು ಇನ್ನೂ ಕಡಿದಿಲ್ಲ. ಖಾಲಿಯಾದ ಉಳಿದ ನೀರನ್ನು ಮೀನಿನ ಬೋಟುಗಳು ತುಂಬಿದವು. ಮೊದಲು ಟ್ರಾಲ್ ಬೋಟು ಬಂತು. ಎಪ್ಪತ್ತರ ದಶಕದ ನಡುವಿನಲ್ಲಿ ಪರ್ಸೀನ್ ಬೋಟೂ ಬಂತು, ಅದರ ಎದುರು ಊರೆಲ್ಲ ಸೇರಿ ಎಳೆಯುತ್ತಿದ್ದ ರಂಪಣಿ ಬಲೆ ನಿಲ್ಲಲಾಗಲಿಲ್ಲ. ಮೊದಲಿನ ಬೋಟುಗಳು ಮೂವತ್ತು ಅಡಿಯ ಆಸುಪಾಸಿನವು, ಬೆಳಿಗ್ಗೆ ಹೋಗಿ ಸಂಜೆ ಬರುತ್ತಿದ್ದವು. ಈಗಿನವು ಅರವತ್ತು, ಎಪ್ಪತ್ತು ಅಡಿಯವು. ಎಂಟು ಹತ್ತು ದಿನ ಆಳಸಮುದ್ರದಲ್ಲೇ ಇದ್ದು ಬರುತ್ತವೆ. ಸಂಖ್ಯೆ ಹೆಚ್ಚಾಗಿದ್ದನ್ನು ಎಲ್ಲರೂ ಹೇಳುತ್ತಾರೆ. ಒಂದೊಂದು ಬೋಟೂ ಎರಡು ಬೋಟಿನಷ್ಟು ಜಾಗ ಹಿಡಿಯತೊಡಗಿದ್ದನ್ನು ಹೇಳುವವರು ಕಡಿಮೆ.

ಈಗ ಸ್ವಲ್ಪ ಗಣಿತ. ಲೆಕ್ಕದ ಅನುಕೂಲಕ್ಕೆ ಒಂದು ಬೋಟಿನ ಉದ್ದ 20 ಮೀಟರ್, ಅಗಲ 6 ಮೀಟರ್ ಅಂತಿಟ್ಟುಕೊಳ್ಳೋಣ. ದಡಕ್ಕೆ ಮಗ್ಗುಲು ತಾಗಿಸಿ ಕಟ್ಟಿದರೆ ಒಂದು ಕಿಲೋಮೀಟರ್ ಜೆಟ್ಟಿಗೆ ಹಿಡಿಯುವುದು 50 ಬೋಟು. ಮೂತಿ ದಡಕ್ಕೆ ಮಾಡಿ ಕಟ್ಟಿದರೆ 160ರಷ್ಟು. ಸಾವಿರ ಬೋಟಿಗೆ ಮೂತಿ ತಾಗಿಸುವಷ್ಟಾದರೂ ಜಾಗ ಕೊಡಬೇಕೆಂದರೆ ಆರು ಕಿಲೋಮೀಟರ್ ಗೋಡೆ ಬೇಕು. ಅಷ್ಟು ಕಟ್ಟಿದವರು ಯಾರೂ ಇಲ್ಲ, ಕಟ್ಟಬೇಕಾದದ್ದೂ ಇಲ್ಲ. ಹಾಗಾಗಿ ಬೋಟಿನ ಮೈಗೆ ಬೋಟು ಕಟ್ಟುವುದೊಂದೇ ದಾರಿ ಉಳಿಯಿತು.

ಹಾಗೆ ಕಟ್ಟಿದಾಗ ಏನಾಗುತ್ತದೆ? ಮೊದಲು ಬಂದವನು ದಡಕ್ಕೆ ತಾಗಿ ನಿಲ್ಲುತ್ತಾನೆ. ಆಮೇಲೆ ಬಂದ ಆರೇಳು ಬೋಟುಗಳು ಅವನ ಆಚೆಗೆ ಹಗ್ಗ ಹಾಕುತ್ತವೆ. ಒಳಗಿನವನ ಡೀಸೆಲ್ ತುಂಬಿದೆ, ಐಸ್ ತುಂಬಿದೆ, ಬೋಟು ನಡೆಸುವ ತಾಂಡೇಲ ಹೊರಡಲು ತುದಿಗಾಲಲ್ಲಿ ನಿಂತಿದ್ದಾನೆ. ಆದರೆ ಹೊರಗಿನ ಆರು ಬೋಟುಗಳ ಹಗ್ಗ ಬಿಚ್ಚಿ, ಎಂಜಿನ್ ಚಾಲೂ ಮಾಡಿ ಸರಿಸುವವರು ಬೇಕು, ಆ ಬೋಟಿನವರು ಬಲೆ ಹೊಲಿಯಲೋ ಮಲಗಲೋ ಎಲ್ಲಿಗೋ ಹೋಗಿದ್ದಾರೆ. ಮೊದಲು ಬಂದವನು ಕೊನೆಗೆ ಹೋಗಬೇಕು. ಇನ್ನು ಹೊರಸಾಲಿನ ಬೋಟಿನವರ ಪಾಡು: ಮೀನಿನ ಬುಟ್ಟಿ, ಡೀಸೆಲ್ ಕ್ಯಾನ್ ಹೊತ್ತು ಬೋಟಿನಿಂದ ಬೋಟಿಗೆ ದಾಟಬೇಕು. ಮರದ ಅಂಚು ಒದ್ದೆ, ಮೀನಿನ ಲೋಳೆ ಬೇರೆ. ನಮ್ಮ ಕರಾವಳಿಯ ಬಂದರುಗಳಲ್ಲಿ ಹೀಗೆ ದಾಟುವಾಗ ಕಾಲು ಜಾರಿ ಎರಡು ಬೋಟುಗಳ ನಡುವೆ ಬಿದ್ದು ಸತ್ತವರ ಸುದ್ದಿ ಪತ್ರಿಕೆಯ ಒಳಪುಟದಲ್ಲಿ ಆಗಾಗ ಬರುತ್ತದೆ. ಕಡಲಿನಲ್ಲಿ ಹತ್ತು ದಿನ ಇದ್ದು ಬಂದವನು ದಡಕ್ಕೆ ನೂರು ಅಡಿ ಇರುವಾಗ ಸಾಯುವುದೆಂದರೆ ಏನು ಹೇಳುವುದು!

ಇದನ್ನು ಬಿಡಿಸಲು ದೂರ ಹೋಗಬೇಕಾಗಿಲ್ಲ, ಪಕ್ಕದ ಸ್ಟೇಟ್‌ಬ್ಯಾಂಕ್ ಬಸ್ ನಿಲ್ದಾಣವನ್ನೇ ನೋಡಬಹುದು. ಬಸ್ಸು ಬರುತ್ತದೆ, ಜನ ಇಳಿಯುತ್ತಾರೆ, ಹತ್ತುತ್ತಾರೆ, ಟೈಮ್ ಕೀಪರ್ ಗದರುತ್ತಾನೆ, ಬಸ್ಸು ಹೋಗುತ್ತದೆ. ರಾತ್ರಿ ಬಸ್ಸು ಮಲಗುವುದು ಬೇರೆಲ್ಲೋ, ರಿಪೇರಿ ಮತ್ತೆಲ್ಲೋ. ಎಲ್ಲ ಬಸ್ಸುಗಳೂ ಸ್ಟೇಟ್‌ಬ್ಯಾಂಕಿನಲ್ಲೇ ಮಲಗುತ್ತೇವೆ ಎಂದು ಹಟ ಹಿಡಿದರೆ ಊರು ನಿಂತುಹೋಗುತ್ತದೆ. ಮೀನುಗಾರಿಕಾ ಬಂದರು ಕಟ್ಟುವ ಎಂಜಿನಿಯರರೂ ದಡವನ್ನು ಹೀಗೆಯೇ ಮೂರು ಪಾಲು ಮಾಡುತ್ತಾರೆ. ಮೀನು ಇಳಿಸುವ ದಡ, ಐಸ್–ಡೀಸೆಲ್–ನೀರು ತುಂಬಿಸಿಕೊಳ್ಳುವ ದಡ, ಸುಮ್ಮನೆ ನಿಲ್ಲುವ ದಡ. ಮೊದಲ ಎರಡಕ್ಕೆ ಗಂಟೆಗಳ ಕೆಲಸ, ಮೂರನೆಯದಕ್ಕೆ ದಿನಗಳು, ತಿಂಗಳುಗಳು ಬೇಕು. ಮೂರೂ ಒಂದೇ ಕಡೆ ನಡೆಯುವ ದಕ್ಕೆಯಲ್ಲಿ, ಸುಮ್ಮನೆ ನಿಂತ ಬೋಟು ಮೀನು ತಂದ ಬೋಟಿನ ದಾರಿಗೆ ಅಡ್ಡ ಬರುತ್ತದೆ. ಏಲಂ ಮುಗಿಯುವುದರೊಳಗೆ ದಡ ಮುಟ್ಟದ ಮೀನಿಗೆ ಬೆಲೆ ಇಳಿಯುತ್ತದೆ. ನನ್ನನ್ನು ಕೇಳಿದರೆ ಮಂಗಳೂರಿನಲ್ಲಿ ಜಾಗದ ಬರಕ್ಕಿಂತ ಹೆಚ್ಚಾಗಿ ಸರದಿಯ ಬರವಿದೆ. ದಕ್ಕೆ ಮೀನು ಇಳಿಸುವ ಜಾಗ, ಬೋಟು ಮಲಗುವ ಜಾಗ ಅಲ್ಲ ಎಂಬ ಒಂದು ಮಾತನ್ನು ನಾವು ಗಟ್ಟಿಯಾಗಿ ಹೇಳಿಯೇ ಇಲ್ಲ.

ಈ ಮಾತಿಗೆ ಲೆಕ್ಕದ ಬಲವೂ ಇದೆ. ಹತ್ತು ದಿನ ಕಡಲಲ್ಲಿ, ಎರಡೂವರೆ ದಿನ ದಡದಲ್ಲಿ ಇರುವ ಬೋಟು ತನ್ನ ಕಾಲದ ಐದನೇ ಒಂದು ಪಾಲು ಮಾತ್ರ ಬಂದರಿನಲ್ಲಿ ಕಳೆಯುತ್ತದೆ. ಅಂಥ ಸಾವಿರ ಬೋಟುಗಳು ಒಂದೊಂದು ದಿನ ಒಂದಿಷ್ಟರಂತೆ ಬಂದು ಹೋದರೆ, ಯಾವ ದಿನ ನೋಡಿದರೂ ದಕ್ಕೆಯಲ್ಲಿ ಇರಬೇಕಾದದ್ದು 200ರಷ್ಟು. ಆದರೆ ಅವು ಹಾಗೆ ಬರುವುದಿಲ್ಲ. ನಿಷೇಧ ಮುಗಿದ ಆಗಸ್ಟ್ ಮೊದಲ ದಿನಗಳಲ್ಲಿ ಎಲ್ಲವೂ ಒಟ್ಟಿಗೆ ಹೊರಡುತ್ತವೆ. ಒಟ್ಟಿಗೆ ಹೊರಟವು ಒಟ್ಟಿಗೆ ತಿರುಗಿ ಬರುತ್ತವೆ. ಇನ್ನೇನು ಗುಂಪು ಚದುರಿತು ಎನ್ನುವಾಗ ಒಂದು ತೂಫಾನಿನ ಎಚ್ಚರಿಕೆ ಬರುತ್ತದೆ, ಮತ್ತೆ ಎಲ್ಲರೂ ಒಳಗೆ. ಆಗ ನಮ್ಮ ಬೋಟುಗಳಷ್ಟೇ ಬರುವುದಿಲ್ಲ, ಹತ್ತಿರದಲ್ಲಿದ್ದವರೆಲ್ಲ ಬರುತ್ತಾರೆ. 2019ರ ಅಕ್ಟೋಬರಿನಲ್ಲಿ ಕ್ಯಾರ್ ಚಂಡಮಾರುತ ಎದ್ದಾಗ ಕಾರವಾರದ ಬಂದರಿನಲ್ಲಿ ಹೊರರಾಜ್ಯಗಳ ಬೋಟುಗಳೂ ಬಂದು ಆಸರೆ ಪಡೆದವು. ಜೀವ ಉಳಿಸಿಕೊಳ್ಳಲು ಬಂದವರಿಗೆ ಜಾಗವಿಲ್ಲ ಎನ್ನುವ ಬಂದರು ಇಲ್ಲ, ಇರಲೂಬಾರದು. ಮೀನಿನ ಬರ ಬಿದ್ದ ವರ್ಷ ಇನ್ನೊಂದು ಬಗೆ: ಡೀಸೆಲ್ಲಿನ ಖರ್ಚೂ ಹುಟ್ಟುವುದಿಲ್ಲವೆಂದು ಏಪ್ರಿಲ್, ಮೇ ತಿಂಗಳಲ್ಲೇ ಬೋಟು ಕಟ್ಟಿಬಿಡುತ್ತಾರೆ. 61 ದಿನದ ಗುಂಪು ಮೂರು, ನಾಲ್ಕು ತಿಂಗಳಿನದಾಗುತ್ತದೆ.

ಹೊಳೆಗೆ ತನ್ನದೇ ಕೆಲಸವೂ ಇದೆಯಲ್ಲ. ಪ್ರತಿ ಮಳೆಗಾಲ ಎರಡೂ ಹೊಳೆಗಳು ಘಟ್ಟದ ಮಣ್ಣನ್ನು ತಂದು ಇಲ್ಲಿ ಸುರಿಯುತ್ತವೆ. ಕಡಲು ಅಳಿವೆಯ ಬಾಯಿಗೆ ಮರಳು ತಳ್ಳುತ್ತದೆ. ಕಲ್ಲಿನ ತಡೆಗೋಡೆ ಹಾಕಿದ ಮೇಲೂ ಹೂಳು ತೆಗೆಯುವ ಕೆಲಸ ತಪ್ಪಿಲ್ಲ. ಹೂಳು ತುಂಬಿದಾಗ ಇಳಿತದ ಹೊತ್ತಿನಲ್ಲಿ ದೊಡ್ಡ ಬೋಟಿನ ಅಡಿ ನೆಲಕ್ಕೆ ತಾಗುತ್ತದೆ, ಭರತ ಬರುವವರೆಗೆ ಕಾಯಬೇಕು. ಕಣ್ಣಿಗೆ ನೀರು ಕಂಡರೂ ಬೋಟಿಗೆ ಅದು ಜಾಗವಲ್ಲ. ಕೆಟ್ಟು ಮೂಲೆಗೆ ಬಿದ್ದ, ಅರ್ಧ ಮುಳುಗಿದ ಬೋಟುಗಳು ಇದಕ್ಕೆ ಇನ್ನಷ್ಟು ಸೇರಿಸುತ್ತವೆ, ಅವುಗಳ ಸುತ್ತ ಮಣ್ಣು ಕೂತು ಸಣ್ಣ ಕುದುರಿನಂತಾಗುತ್ತದೆ. ಯಾರದ್ದೆಂದು ಕೇಳಿದರೆ ಉತ್ತರವಿಲ್ಲ. ಜುಲೈಯ ನೆರೆಯಲ್ಲಿ ಒಂದು ಹಗ್ಗ ಕಡಿದರೆ ಒಂದು ಬೋಟು ಹೋಗುವುದಿಲ್ಲ, ಅದಕ್ಕೆ ಕಟ್ಟಿದ ಇಡೀ ಗುಂಪು ಅಳಿವೆಯ ಕಡೆ ತೇಲತೊಡಗುತ್ತದೆ.

ನೀರಿಗಿಂತ ಹೆಚ್ಚು ಹೆದರಬೇಕಾದದ್ದು ಬೆಂಕಿಗೆ. ಬೋಟಿನಲ್ಲಿ ಏನೇನಿರುತ್ತದೆ ನೆನೆಸಿಕೊಳ್ಳಿ: ಮರ, ಫೈಬರ್, ನೈಲಾನ್ ಬಲೆ, ಡೀಸೆಲ್, ಅಡುಗೆಯ ಗ್ಯಾಸ್ ಸಿಲಿಂಡರ್. 2023ರ ನವೆಂಬರಿನಲ್ಲಿ, ದೀಪಾವಳಿಯ ದಿನಗಳಲ್ಲಿ, ಕುಂದಾಪುರದ ಹತ್ತಿರದ ಗಂಗೊಳ್ಳಿಯಲ್ಲಿ ಒತ್ತಾಗಿ ನಿಲ್ಲಿಸಿದ್ದ ಹಲವು ಬೋಟುಗಳು ಒಂದರಿಂದ ಒಂದಕ್ಕೆ ಬೆಂಕಿ ಹತ್ತಿ ಸುಟ್ಟುಹೋದವು. ಅದಾದ ವಾರದೊಳಗೆ ವಿಶಾಖಪಟ್ಟಣದ ಮೀನುಗಾರಿಕಾ ಬಂದರಿನಲ್ಲಿ ಒಂದೇ ರಾತ್ರಿಯಲ್ಲಿ ಹತ್ತಾರು ಬೋಟುಗಳು ಹೋದವು. ಏಳನೇ ಸಾಲಿನ ಬೋಟಿಗೆ ಬೆಂಕಿ ಬಿದ್ದರೆ ದಡದಲ್ಲಿ ನಿಂತ ಅಗ್ನಿಶಾಮಕ ವಾಹನ ನೋಡುತ್ತ ನಿಲ್ಲಬೇಕಷ್ಟೆ. ಮೂವತ್ತು ಬೋಟಿಗೊಮ್ಮೆಯಾದರೂ ಒಂದು ಬೋಟಿನ ಅಗಲ ನೀರನ್ನು ಖಾಲಿ ಬಿಡುವುದು ಬೆಂಕಿಯ ಓಟಕ್ಕೆ ತಡೆ, ನೀರಿನ ಮೇಲಿಂದ ಪಂಪು ತರಲು ದಾರಿ. ಜಾಗವೇ ಇಲ್ಲದಲ್ಲಿ ಖಾಲಿ ಬಿಡುವುದೇ ಎಂದು ಬೋಟಿನ ಮಾಲೀಕರು ಕೇಳುತ್ತಾರೆ. ಸುಟ್ಟ ಮೇಲೆ ಜಾಗ ತಾನಾಗಿ ಖಾಲಿಯಾಗುತ್ತದೆ ಎಂಬುದು ಅದಕ್ಕೆ ಉತ್ತರ, ಕಟುವಾದರೂ.

ಬೇರೆ ಊರಿನವರು ಏನು ಮಾಡಿದರು? ಲಂಡನ್ನಿನಲ್ಲಿ ಮನೆ ಬಾಡಿಗೆ ಏರಿದಂತೆ ಜನ ದೋಣಿಗಳಲ್ಲೇ ಸಂಸಾರ ಹೂಡಿದರು, ಕಾಲುವೆಯ ದಡಗಳು ತುಂಬಿದವು. ಅಲ್ಲಿ 1995ರ ಒಂದು ಕಾಯಿದೆಯ ಪ್ರಕಾರ ಸ್ವಂತ ನಿಲುಗಡೆ ಇಲ್ಲದ ದೋಣಿ ಒಂದೇ ಜಾಗದಲ್ಲಿ ಒಂದೇ ಸಮನೆ 14 ದಿನಕ್ಕಿಂತ ಹೆಚ್ಚು ನಿಲ್ಲುವಂತಿಲ್ಲ, ಮುಂದೆ ಸಾಗುತ್ತಿರಬೇಕು. ಇದರಿಂದ ದೋಣಿಗಳ ಸಂಖ್ಯೆ ಕಡಿಮೆಯಾಗಲಿಲ್ಲ, ಆದರೆ ದಡ ಯಾರೊಬ್ಬರ ಮನೆಯಂಗಳವೂ ಆಗಲಿಲ್ಲ. ಆಮ್‌ಸ್ಟರ್‌ಡಾಂ ಇನ್ನೂ ಬಿಗಿ, ಹೊಸ ಮನೆದೋಣಿಗೆ ಅಲ್ಲಿ ಜಾಗವೇ ಸಿಗುವುದಿಲ್ಲ. ನಮ್ಮ ಮೀನುಗಾರರಿಗೆ ಆ ನಿಯಮಗಳನ್ನು ಹಾಗೆಯೇ ಅಂಟಿಸಲು ಬರುವುದಿಲ್ಲ. ಅಲ್ಲಿಯದು ವಾಸ, ಇಲ್ಲಿಯದು ಹೊಟ್ಟೆಪಾಡು. ಆದರೂ ನಿಲ್ಲುವುದಕ್ಕೆ ಒಂದು ಅವಧಿ ಇರಬೇಕೆಂಬ ವಿಚಾರ ಎರಡೂ ಕಡೆಗೆ ಸಲ್ಲುತ್ತದೆ.

ಇಲ್ಲಿ ನಡೆದಿರುವ ಪ್ರಯತ್ನಗಳೆಲ್ಲ ಬಹುಮಟ್ಟಿಗೆ ಗೋಡೆ ಕಟ್ಟುವವು. ಹಳೆ ಬಂದರಿನ ಮೂರನೇ ಹಂತದ ವಿಸ್ತರಣೆಯ ಮಾತು ವರ್ಷಗಟ್ಟಲೆ ನಡೆದಿದೆ. ಉತ್ತರದ ಕುಳಾಯಿಯಲ್ಲಿ ಪ್ರತ್ಯೇಕ ಮೀನುಗಾರಿಕಾ ಬಂದರಿಗೆ 2022ರ ಸೆಪ್ಟೆಂಬರ್ 2ರಂದು ಪ್ರಧಾನಿ ಶಂಕುಸ್ಥಾಪನೆ ಮಾಡಿದರು. ಅದರ ತಡೆಗೋಡೆಯ ವಿನ್ಯಾಸದ ಬಗ್ಗೆ ಮೀನುಗಾರರು ಎತ್ತಿದ ತಕರಾರು ಸಣ್ಣದಲ್ಲ, ಏಕೆಂದರೆ ಅಲೆ ಒಳಗೆ ಬರುವ ಬಂದರಿನಲ್ಲಿ ಯಾರೂ ಬೋಟು ಕಟ್ಟುವುದಿಲ್ಲ. ಈ ನಡುವೆ ಬಜಾಲಿನಿಂದ ಮರವೂರಿನವರೆಗೆ ಎರಡೂ ಹೊಳೆಗಳಲ್ಲಿ ನೀರ ಮೆಟ್ರೊ ಓಡಿಸುವ ಯೋಜನೆಯನ್ನು ಕರ್ನಾಟಕ ಜಲಸಾರಿಗೆ ಮಂಡಳಿ ಮುಂದಿಟ್ಟಿದೆ. ಬಂದರು–ಬೆಂಗ್ರೆಯ ದೋಣಿ, ಸುಲ್ತಾನ್ ಬತ್ತೇರಿ–ತಣ್ಣೀರುಬಾವಿಯ ದೋಣಿ, ಮಂಜಿ, ಟ್ರಾಲ್ ಬೋಟು, ಪರ್ಸೀನ್, ನಾಡದೋಣಿ, ಇನ್ನು ಮೆಟ್ರೊ. ನೀರು ಅದೇ.

ನಾಡದೋಣಿಯವರನ್ನು ಇಲ್ಲಿ ಮರೆಯಬಾರದು. ದೊಡ್ಡ ಬೋಟುಗಳಿಗೆ ರಜೆ ಇರುವ ಎರಡು ತಿಂಗಳು, 10 ಅಶ್ವಶಕ್ತಿಯೊಳಗಿನ ಎಂಜಿನ್ನಿನ ಇವರ ದೋಣಿಗಳಿಗೆ ಸುಗ್ಗಿ. ಅವರು ಹೊಳೆಯಿಂದ ಅಳಿವೆಗೆ ಹೋಗಿ ಬರುವುದು ಬೋಟುಗಳು ಒತ್ತಿ ನಿಂತ ನೀರಿನಲ್ಲೇ. ದಡದ ಲೆಕ್ಕ ಮಾಡುವಾಗ ನಡುಹೊಳೆಯ ದಾರಿಯನ್ನೂ ಅಳೆದು ಗುರುತು ಹಾಕಬೇಕು, ಅದರೊಳಗೆ ಯಾವ ಬೋಟೂ ನಿಲ್ಲಕೂಡದು.

ಮಾಡಬಹುದಾದ ಕೆಲಸಕ್ಕೆ ಕೋಟಿಗಟ್ಟಲೆ ಹಣ ಬೇಕಾಗಿಲ್ಲ. ಪ್ರತಿ ಬೋಟಿಗೂ ನೋಂದಣಿ ಸಂಖ್ಯೆ ಇದೆ. ಮೇ ತಿಂಗಳಲ್ಲೇ, ಬೋಟುಗಳು ಬರುವ ಮೊದಲು, ಯಾವ ಸಂಖ್ಯೆಯದು ಮಳೆಗಾಲವನ್ನು ಬೆಂಗ್ರೆಯ ದಡದಲ್ಲಿ ಕಳೆಯಬೇಕು, ಯಾವುದು ಊರ ಕಡೆಯ ಹೊಯಿಗೆಬಜಾರಿನಲ್ಲಿ ಎಂದು ಚೀಟಿ ಎತ್ತಿ ಹಂಚಬಹುದು. ರಿಪೇರಿಗೆ ಮೊದಲು ಹೊರಡಬೇಕಾದದ್ದು ಹೊರಸಾಲಿನಲ್ಲಿ ನಿಲ್ಲಬೇಕು. ಋತು ನಡೆಯುವಾಗ ಇಳಿಸುವ ದಡದಲ್ಲಿ ಗಂಟೆಯ ಲೆಕ್ಕದಲ್ಲಿ ಸರದಿ ಇಟ್ಟು, ಮೀರಿದವರಿಗೆ ದಂಡ ಹಾಕಬಹುದು. ಇದನ್ನು ಮೀನುಗಾರಿಕೆ ಇಲಾಖೆ ಒಂದೇ ಮಾಡಿದರೆ ಜಗಳವಾಗುತ್ತದೆ, ಬೋಟಿನವರ ಸಂಘಗಳೊಂದೇ ಮಾಡಿದರೆ ದಾಕ್ಷಿಣ್ಯ ನುಗ್ಗುತ್ತದೆ. ಎರಡೂ ಒಟ್ಟಿಗೆ ಕೂರಬೇಕು. ಜೊತೆಗೆ ಯಾರೂ ಬಾಯಿ ಬಿಡಲೊಲ್ಲದ ಒಂದು ಮಾತು: ಹೊಸ ದೊಡ್ಡ ಬೋಟಿಗೆ ಪರವಾನಗಿ ಕೊಡುವ ಮೊದಲು, ಅದು ಜೂನ್ ಒಂದರಂದು ಎಲ್ಲಿ ನಿಲ್ಲುತ್ತದೆ ಎಂದು ಕೇಳಬೇಕು. ಈ ಪ್ರಶ್ನೆಗೆ ಉತ್ತರವಿಲ್ಲದೆ ಕಟ್ಟಿದ ಬೋಟುಗಳೇ ಇಂದು ದಕ್ಕೆಯಲ್ಲಿ ಏಳನೇ ಸಾಲಿನಲ್ಲಿ ನಿಂತಿವೆ.

ಓದುಗರು ಇದನ್ನು ಕಣ್ಣಾರೆ ನೋಡಬೇಕೆಂದಿದ್ದರೆ ಜುಲೈ ಕೊನೆಯ ವಾರ ಒಳ್ಳೆಯದು. ಬಂದರಿನಿಂದ ಬೆಂಗ್ರೆಯ ದೋಣಿ ಹತ್ತಿ, ದಡದಿಂದ ಹೊರಸಾಲಿನವರೆಗೆ ಎಷ್ಟು ಬೋಟು ಎಂದು ಒಂದು ಕಡೆ ಎಣಿಸಿ ಇಟ್ಟುಕೊಳ್ಳಿ. ಆಗಸ್ಟ್ ಎರಡನೇ ವಾರ ಮತ್ತೆ ಅದೇ ದೋಣಿಯಲ್ಲಿ ಹೋಗಿ ಎಣಿಸಿ.