ಅಂಚುಗಳು ಕೂಡುವ ಕಡೆ: ಬೆಂಗಳೂರಿನ ಒಂದು ಕೊಲಾಜ್ ಪೋಸ್ಟರ್

ಊರಿನ ವೈವಿಧ್ಯವನ್ನು ಪೋಸ್ಟರಿನಲ್ಲಿ ತೋರಿಸಿ ಎಂದರೆ ಬಹಳ ಮಂದಿ ಗುಡಿ, ಮಸೀದಿ, ಚರ್ಚುಗಳನ್ನು ಸಾಲಾಗಿ ನಿಲ್ಲಿಸಿ, ಹಿಂದೆ ವಿಧಾನಸೌಧ ಇಟ್ಟುಬಿಡುತ್ತಾರೆ. ಅಂಥ ಚಿತ್ರದಲ್ಲಿ ಎಲ್ಲರೂ ಇರುತ್ತಾರೆ, ಯಾರೂ ಯಾರನ್ನೂ ಮುಟ್ಟುವುದಿಲ್ಲ. ಕಾಗದದ ತುಂಡುಗಳನ್ನು ಅಂಟಿಸಿ ಮಾಡುವ ಕೊಲಾಜಿನ ಬಲ ಇರುವುದು ಒಂದು ತುಂಡಿಗೆ ಇನ್ನೊಂದು ತಾಗುವ ಅಂಚಿನಲ್ಲಿ. ಹಾಗಾಗಿ ಮೊದಲು ಹುಡುಕಬೇಕಾದ್ದು, ಊರಿನ ಜನ ಪರಸ್ಪರ ಎದುರಾಗುವ ಜಾಗಗಳನ್ನು.

ವಿಷಯದ ಆಯ್ಕೆ

ಬೆಂಗಳೂರಿನಲ್ಲಿ ಇಂಥ ಜಾಗಗಳಿಗೆ ಬರವಿಲ್ಲ. ಚೈತ್ರದ ಹುಣ್ಣಿಮೆಯ ರಾತ್ರಿ ತಿಗಳರಪೇಟೆಯ ಧರ್ಮರಾಯಸ್ವಾಮಿ ಗುಡಿಯಿಂದ ಹೊರಡುವ, ಮಲ್ಲಿಗೆಯ ಶಿಖರ ಹೊತ್ತ ಕರಗ, ಕಾಟನ್‌ಪೇಟೆಯ ತವಕ್ಕಲ್ ಮಸ್ತಾನ್ ದರ್ಗಾಕ್ಕೂ ಹೋಗುತ್ತದೆ. ಸೆಪ್ಟೆಂಬರಿನಲ್ಲಿ ಶಿವಾಜಿನಗರದ ಸೇಂಟ್ ಮೇರಿ ಬೆಸಿಲಿಕಾದಿಂದ ಸೀರೆಯುಟ್ಟ ಮೇರಿಮಾತೆಯ ತೇರು ಹೊರಡುತ್ತದೆ. ಕಾರ್ತಿಕದ ಕಡೆಯ ಸೋಮವಾರ ಬಸವನಗುಡಿಯ ಪರಿಷೆಗೆ ಹಳ್ಳಿಗಳಿಂದ ಕಡಲೆಕಾಯಿ ಮೂಟೆಗಳು ಬಂದಿಳಿಯುತ್ತವೆ. ಮೂರನ್ನೂ ಒಂದೇ ಅಳತೆಯಲ್ಲಿ ತುರುಕಿದರೆ ಕಣ್ಣು ಎಲ್ಲೂ ನಿಲ್ಲದು. ಒಂದನ್ನು ದೊಡ್ಡದು ಮಾಡಿ. ಇಲ್ಲಿ ಕರಗವನ್ನೇ ತೆಗೆದುಕೊಳ್ಳೋಣ.

ಸಾಮಗ್ರಿ

1912ರಲ್ಲಿ ಚಿತ್ರಕಾರರಾದ ಪಿಕಾಸೊ ಮತ್ತು ಬ್ರಾಕ್ ಪತ್ರಿಕೆಯ ತುಂಡು, ಗೋಡೆಗೆ ಅಂಟಿಸುವ ಕಾಗದಗಳನ್ನು ಚಿತ್ರದಲ್ಲೇ ಅಂಟಿಸತೊಡಗಿದರು. ಬರೆದು ತೋರಿಸಬೇಕಿದ್ದ ವಸ್ತು ತಾನೇ ಚಿತ್ರದೊಳಗೆ ಬಂದು ಕೂತಿತು. ನೀವೂ ಬೀದಿಯ ಕಾಗದವನ್ನೇ ಕೂಡಿಸಿ: ಬಸ್ ಟಿಕೆಟ್, ಊದುಬತ್ತಿ ಪೊಟ್ಟಣ, ಚಿಕ್ಕಪೇಟೆಯ ಸೀರೆ ಅಂಗಡಿಯ ಚೀಲ, ಹಳೆಯ ಲಗ್ನಪತ್ರಿಕೆ, ಕನ್ನಡ, ಉರ್ದು, ತಮಿಳು, ತೆಲುಗು ಪತ್ರಿಕೆಗಳು. ಕರಗದ ಮಲ್ಲಿಗೆ ಶಿಖರವನ್ನು ಈ ನಾಲ್ಕು ಲಿಪಿಗಳ ಚೂರುಗಳಿಂದಲೇ ಕಟ್ಟಬಹುದು. ಆದರೆ ಲಗ್ನಪತ್ರಿಕೆಯ ಗಣಪತಿಯನ್ನಾಗಲಿ, ಉರ್ದು ಹಾಳೆಯಲ್ಲಿ ಅಚ್ಚಾಗಿರಬಹುದಾದ ಕುರಾನಿನ ಸಾಲನ್ನಾಗಲಿ ಹರಿಯಬೇಡಿ.

ಜೋಡಣೆ

ಎ2 ಅಳತೆಯ (420 × 594 ಮಿ.ಮೀ.) ರಟ್ಟು ಸಾಕು. ಅರ್ಧದಷ್ಟು ಜಾಗ ಕರಗಕ್ಕಿರಲಿ, ಪಕ್ಕದಲ್ಲಿ ಅದು ಹೋಗುವ ದರ್ಗಾದ ಕಮಾನು ಬರಲಿ. ಹೂವಿಗೆ ಕೈಯಿಂದ ಹರಿದ ಕಾಗದ ಒಪ್ಪುತ್ತದೆ, ಏಕೆಂದರೆ ಹರಿದಲ್ಲಿ ಕಾಣುವ ಬಿಳಿಯ ನಾರು ಎಸಳಿನಂತೆ ತೋರುತ್ತದೆ. ಕಮಾನಿಗೆ ಕತ್ತರಿಯ ನುಣುಪಾದ ಅಂಚೇ ಸರಿ. ಕೊನೆಯ ಸಾಲಿನ ಮಲ್ಲಿಗೆ ಕಮಾನಿನ ಮೇಲೆ ಒಂದಿಷ್ಟು ಹಾಯಲಿ. ಪೋಸ್ಟರಿನ ಮಾತೆಲ್ಲ ಆ ಅಂಚಿನಲ್ಲಿದೆ.

ಮೂರು ಮೀಟರ್ ದೂರದಿಂದ ಓದಬೇಕಾದ ಅಕ್ಷರ ಸುಮಾರು 25 ಮಿ.ಮೀ. ಎತ್ತರವಿರಲಿ. ಒತ್ತಕ್ಷರಗಳಿಗೆ ಕೆಳಗೆ ಜಾಗ ಬಿಡದಿದ್ದರೆ ಸಾಲುಗಳು ಒಂದಕ್ಕೊಂದು ತಗಲಿಕೊಳ್ಳುತ್ತವೆ. ಅಂಟಿಸುವ ಮುಂಚೆ ತಿಗಳರಪೇಟೆಯವರೊಬ್ಬರಿಗೆ, ಕಾಟನ್‌ಪೇಟೆಯವರೊಬ್ಬರಿಗೆ ತೋರಿಸಿ. ಶಿಖರದ ಆಕಾರವೋ ಕಮಾನಿನ ಬಣ್ಣವೋ ತಪ್ಪಿದ್ದರೆ ಅವರ ಕಣ್ಣಿಗೆ ಮೊದಲು ಬೀಳುತ್ತದೆ.

ಅಂಟು

ಮೈದಾ ಕುದಿಸಿದ ಅಂಟು ಅಗ್ಗ, ಆದರೆ ಅದರಲ್ಲಿ ನೀರು ಹೆಚ್ಚು. ನೆನೆದ ಕಾಗದ ಹಿಗ್ಗುತ್ತದೆ, ಒಣಗುವಾಗ ಕುಗ್ಗಿ ರಟ್ಟನ್ನೇ ಬಾಗಿಸುತ್ತದೆ. ಅದಕ್ಕೇ ತೆಳ್ಳಗೆ ಬಳಿದು, ಹಿಂಬದಿಗೂ ಒಂದು ಹಾಳೆ ಅಂಟಿಸಿ, ಭಾರ ಹೇರಿ ಒಣಗಿಸಬೇಕು. ಎರಡೂ ಬದಿಯ ಎಳೆತ ಸರಿದೂಗಿದರೆ ಪೋಸ್ಟರು ನೆಟ್ಟಗೆ ನಿಲ್ಲುತ್ತದೆ.