ಕಳೆದುಹೋದ ತುಂಡು ಎಲ್ಲಿಗೆ ಹೋಯ್ತು?

ಪ್ರೋಗ್ರಾಂ ಡಿಬಗ್ ಮಾಡುವಾಗ ನಮ್ಮಲ್ಲಿ ಬಹಳ ಜನಕ್ಕೆ ಈ ಅನುಭವ ಆಗಿರುತ್ತೆ. ಒಂದು ಫೈಲಿನಲ್ಲಿ ಇರಬೇಕಾದ ಹತ್ತು ಸಾಲು ಕಾಣಿಸ್ತಾ ಇಲ್ಲ. ಯಾರೋ ಡಿಲೀಟ್ ಮಾಡಿದ್ದಾರೆ ಅಂತ ಟೀಮಿನವರನ್ನೆಲ್ಲ ಬೈದುಕೊಂಡು ಹುಡುಕಿದರೆ, ಅದೇ ಹತ್ತು ಸಾಲು ಬೇರೊಂದು ಫೈಲಿನ ಕೊನೆಯಲ್ಲಿ ಸಿಗುತ್ತವೆ. ಆಗಿದ್ದು ಕಟ್-ಪೇಸ್ಟ್. ಅದು ಗೊತ್ತಾದ ಮೇಲೆ ಬಗ್ ಹುಡುಕುವ ದಾರಿಯೇ ಬದಲಾಗಿಬಿಡುತ್ತೆ.

ಕ್ಯಾನ್ಸರ್ ಸಂಶೋಧನೆಯ ಚರಿತ್ರೆಯಲ್ಲೂ ಹೀಗೇ ಒಂದು ಘಟನೆ ನಡೆಯಿತು. ಅದರ ಹಿಂದೆ ಇದ್ದವರು ಷಿಕಾಗೊ ವಿಶ್ವವಿದ್ಯಾಲಯದ ಡಾ. ಜಾನೆಟ್ ರೌಲಿ. ಅವರು ಹುಡುಕಿದ್ದು ನಮ್ಮ ಜೀವಕೋಶದೊಳಗಿನ ವರ್ಣತಂತುಗಳಲ್ಲಿ. ಪಿಯುಸಿಯಲ್ಲಿ ಓದಿದ್ದು ನೆನಪಿದೆಯಲ್ಲ? ಪ್ರತಿ ಜೀವಕೋಶದಲ್ಲಿ 23 ಜೊತೆ, ಅಂದರೆ 46 ವರ್ಣತಂತುಗಳು. ದೇಹದ ಪೂರ್ತಿ 'ಸೋರ್ಸ್ ಕೋಡ್' ಇರುವುದು ಅವುಗಳಲ್ಲೇ.

1960ರಲ್ಲಿ ಅಮೆರಿಕದ ಫಿಲಡೆಲ್ಫಿಯಾ ನಗರದ ಪೀಟರ್ ನೋವೆಲ್ ಮತ್ತು ಡೇವಿಡ್ ಹಂಗರ್‌ಫರ್ಡ್ ಒಂದು ವಿಚಿತ್ರ ಗಮನಿಸಿದ್ದರು. ಸಿಎಂಎಲ್ ಎಂಬ ರಕ್ತದ ಕ್ಯಾನ್ಸರ್ ಇರುವವರ ಬಿಳಿ ರಕ್ತಕಣಗಳಲ್ಲಿ ಒಂದು ವರ್ಣತಂತು ಇರಬೇಕಾದ್ದಕ್ಕಿಂತ ಗಿಡ್ಡ. ಅದಕ್ಕೆ 'ಫಿಲಡೆಲ್ಫಿಯಾ ಕ್ರೋಮೋಸೋಮ್' ಅಂತಲೇ ಹೆಸರಾಯಿತು. ಒಂದು ತುಂಡು ಕಡಿದು ಕಳೆದುಹೋಗಿದೆ ಅಂತ ಎಲ್ಲರೂ ಅಂದುಕೊಂಡರು. ಅದೂ ಅಲ್ಲದೆ, ವರ್ಣತಂತು ಕೆಡುವುದು ಕ್ಯಾನ್ಸರ್ ಬಂದ ಮೇಲಿನ ಗೊಂದಲದ ಫಲ, ಕಾರಣ ಬೇರೆಲ್ಲೋ ಇದೆ ಎನ್ನುವುದು ಆ ಕಾಲದ ಬಹುತೇಕ ತಜ್ಞರ ನಂಬಿಕೆ.

ಇನ್ನು ಜಾನೆಟ್ ರೌಲಿ ಆ ಹೊತ್ತಿಗೆ ಏನು ಮಾಡುತ್ತಿದ್ದರು? ಹುಟ್ಟಿದ್ದು 1925ರಲ್ಲಿ. ಹದಿನೈದನೇ ವಯಸ್ಸಿಗೇ ಸ್ಕಾಲರ್‌ಶಿಪ್ ಪಡೆದು ಷಿಕಾಗೊ ವಿಶ್ವವಿದ್ಯಾಲಯ ಸೇರಿದ ಹುಡುಗಿ. ಮೆಡಿಕಲ್ ಸೀಟು ಸಿಕ್ಕರೂ ಒಂಬತ್ತು ತಿಂಗಳು ಕಾಯಬೇಕಾಯಿತು. ಕಾರಣ, 65 ಸೀಟುಗಳ ತರಗತಿಯಲ್ಲಿ ಹೆಣ್ಣುಮಕ್ಕಳಿಗೆ ಇದ್ದದ್ದು ಮೂರೇ ಸೀಟು, ಅವು ಆಗಲೇ ಭರ್ತಿಯಾಗಿದ್ದವು! 1948ರಲ್ಲಿ ಡಾಕ್ಟರ್ ಪದವಿ, ಮರುದಿನವೇ ಮದುವೆ. ಆಮೇಲೆ ನಾಲ್ಕು ಗಂಡುಮಕ್ಕಳು. ಕಿರಿಯವನಿಗೆ ಹನ್ನೆರಡು ವರ್ಷ ತುಂಬುವವರೆಗೂ ಅವರದು ಪಾರ್ಟ್-ಟೈಮ್ ಕೆಲಸ.

ತಿರುವು ಸಿಕ್ಕಿದ್ದು 1961ರಲ್ಲಿ. ಗಂಡ ಡೊನಾಲ್ಡ್ ರೌಲಿ ಒಂದು ವರ್ಷಕ್ಕೆ ಆಕ್ಸ್‌ಫರ್ಡಿಗೆ ಹೊರಟರು. ಜೊತೆಗೆ ಹೋದ ಜಾನೆಟ್ ಅಲ್ಲಿ ವರ್ಣತಂತುಗಳನ್ನು ಅಭ್ಯಾಸ ಮಾಡುವ ವಿಧಾನ ಕಲಿತರು. ವಾಪಸ್ ಬಂದು ಷಿಕಾಗೊದ ಹಿರಿಯ ವಿಜ್ಞಾನಿ ಲಿಯಾನ್ ಜೇಕಬ್ಸನ್ ಅವರ ಹತ್ತಿರ ಹೋಗಿ ಕೇಳಿದ್ದು ಇಷ್ಟೇ: ಕೂರಲು ಜಾಗ, ಒಂದು ಮೈಕ್ರೋಸ್ಕೋಪ್, ಒಂದಿಷ್ಟು ಸಂಬಳ. ಕೇಳಿದ್ದು ಸಿಕ್ಕಿತು. ಮುಂದೆ ಸುಮಾರು ಹತ್ತು ವರ್ಷ ರಕ್ತದ ಕ್ಯಾನ್ಸರ್ ರೋಗಿಗಳ ವರ್ಣತಂತುಗಳನ್ನು ನೋಡಿದ್ದೇ ನೋಡಿದ್ದು. ದೊಡ್ಡದೇನೂ ಸಿಗಲಿಲ್ಲ.

ಸಿಗದಿರುವುದಕ್ಕೆ ಕಾರಣ ಉಪಕರಣದಲ್ಲಿತ್ತು. ಆಗಿನ ಬಣ್ಣದಲ್ಲಿ ವರ್ಣತಂತುಗಳೆಲ್ಲ ಒಂದೇ ಥರದ ಕಪ್ಪು ಕಡ್ಡಿಗಳು. ಹೆಚ್ಚುಕಡಿಮೆ ಒಂದೇ ಉದ್ದದವುಗಳಲ್ಲಿ ಯಾವುದು ಯಾವುದು ಅಂತ ಹೇಳುವುದೇ ಕಷ್ಟ. 1970ರ ಸುಮಾರಿಗೆ 'ಬ್ಯಾಂಡಿಂಗ್' ವಿಧಾನ ಬಂತು. ಕ್ವಿನಾಕ್ರಿನ್ ಎಂಬ ಬಣ್ಣ ಹಾಕಿದರೆ ಪ್ರತಿ ವರ್ಣತಂತುವಿನ ಮೇಲೂ ಅದರದ್ದೇ ಆದ ಹೊಳೆಯುವ ಪಟ್ಟೆಗಳು ಮೂಡುತ್ತವೆ, ಬಾರ್‌ಕೋಡ್ ಥರ. ಎರಡನೇ ಸಲ ಆಕ್ಸ್‌ಫರ್ಡಿಗೆ ಹೋದಾಗ ರೌಲಿ ಇದನ್ನೂ ಕಲಿತು ಬಂದರು.

1972ರಲ್ಲಿ ಅವರು ಫೋಟೋಗಳನ್ನು ಮನೆಗೆ ತಂದು, ಊಟದ ಮೇಜಿನ ಮೇಲೆ ಹರಡಿ, ಒಂದೊಂದೇ ವರ್ಣತಂತುವನ್ನು ಕತ್ತರಿಯಿಂದ ಕತ್ತರಿಸಿ ಜೋಡಿಸುತ್ತಾ ಕೂತರು. ಅಮ್ಮನಿಗೆ ಕಾಗದದ ಗೊಂಬೆ ಆಟ ಆಡೋದಕ್ಕೆ ಸಂಬಳ ಕೊಡ್ತಾರೆ ಅಂತ ಮಕ್ಕಳಿಗೆ ತಮಾಷೆ. ಮೊದಲು ಇನ್ನೊಂದು ಬಗೆಯ ರಕ್ತದ ಕ್ಯಾನ್ಸರಿನಲ್ಲಿ 8 ಮತ್ತು 21ನೇ ವರ್ಣತಂತುಗಳು ತುಂಡುಗಳನ್ನು ಅದಲುಬದಲು ಮಾಡಿಕೊಂಡದ್ದು ಕಂಡಿತು. ಆಮೇಲೆ ಸಿಎಂಎಲ್ ಫೋಟೋಗಳತ್ತ ತಿರುಗಿದರು. ಗಿಡ್ಡವಾಗಿದ್ದು 22ನೇದು ಅಂತ ಗೊತ್ತಿತ್ತು. ಆದರೆ 9ನೇ ವರ್ಣತಂತುವಿನ ತುದಿಯಲ್ಲಿ ಇರಬಾರದ ಒಂದು ಹೆಚ್ಚುವರಿ ತುಂಡು! ಅದರ ಅಳತೆ ನೋಡಿದರೆ 22ರಲ್ಲಿ ಕಡಿಮೆಯಾದಷ್ಟೇ ಇದೆ. ಲೆಕ್ಕ ಸರಿಹೋಯಿತು. ಒಬ್ಬರಲ್ಲಿ ಹೀಗಿದ್ದರೆ ಆಕಸ್ಮಿಕ ಅನ್ನಬಹುದಿತ್ತು. ರೋಗಿ ಬದಲಾದರೂ ಅದೇ ಜಾಗ, ಅದೇ ಅದಲುಬದಲು. 1973ರ ಜೂನ್‌ನಲ್ಲಿ 'ನೇಚರ್' ಪತ್ರಿಕೆಯಲ್ಲಿ ಇದು ಪ್ರಕಟವಾದಾಗ ಅವರಿಗೆ 48 ವರ್ಷ.

ಒಂದೊಂದು ಬಗೆಯ ಕ್ಯಾನ್ಸರಿಗೆ ಒಂದೊಂದು ನಿರ್ದಿಷ್ಟ ಅದಲುಬದಲು ಇದ್ದರೆ, ಅದು ರೋಗದ ಫಲ ಆಗಿರೋದು ಹೇಗೆ? ಅದೇ ಮೂಲ ಇರಬೇಕಲ್ವಾ? ರೌಲಿ ಪಟ್ಟುಹಿಡಿದು ಈ ಪ್ರಶ್ನೆ ಕೇಳುತ್ತಾ ಹೋದರು. 1980ರ ದಶಕದಲ್ಲಿ ಬೇರೆ ಬೇರೆ ಲ್ಯಾಬ್‌ಗಳಿಂದ ಉತ್ತರ ಬಂತು. 9ನೇ ವರ್ಣತಂತುವಿನ ಎಬಿಎಲ್ ಎಂಬ ಜೀನ್ 22ಕ್ಕೆ ಹೋಗಿ ಬಿಸಿಆರ್ ಎಂಬ ಜೀನ್‌ಗೆ ಅಂಟಿಕೊಂಡಿತ್ತು. ಎಬಿಎಲ್ ತಯಾರಿಸುವ ಪ್ರೋಟೀನು 'ಬೆಳೆಯಿರಿ' ಅಂತ ಜೀವಕೋಶಕ್ಕೆ ಸೂಚನೆ ಕೊಡುವ ಸ್ವಿಚ್ ಇದ್ದಂತೆ. ಎರಡೂ ಬೆಸೆದುಕೊಂಡಾಗ ಆ ಸ್ವಿಚ್ 'ಆನ್'ನಲ್ಲೇ ಸಿಕ್ಕಿಹಾಕಿಕೊಳ್ಳುತ್ತದೆ. ಬಿಳಿ ರಕ್ತಕಣಗಳು ಮಿತಿ ಇಲ್ಲದೆ ಹೆಚ್ಚುತ್ತವೆ.

ಸ್ವಿಚ್ ಯಾವುದು ಅಂತ ಗೊತ್ತಾದರೆ ಆಫ್ ಮಾಡುವ ಪ್ರಯತ್ನ ಮಾಡಬಹುದು. ಇಮ್ಯಾಟಿನಿಬ್ ಎಂಬ ಮಾತ್ರೆ ಆ ಪ್ರೋಟೀನಿಗೆ ಶಕ್ತಿ ಬಂದು ಸೇರುವ ಗುಳಿಯಲ್ಲೇ ಹೋಗಿ ಕೂರುತ್ತದೆ. ವೈದ್ಯ ಬ್ರಯಾನ್ ಡ್ರೂಕರ್ ಅವರ ತಂಡದ ಮೊದಲ ಪ್ರಯೋಗದಲ್ಲಿ ಸಾಕಷ್ಟು ಪ್ರಮಾಣದ ಮಾತ್ರೆ ಪಡೆದ 54 ರೋಗಿಗಳಲ್ಲಿ 53 ಮಂದಿಯ ರಕ್ತಕಣಗಳ ಸಂಖ್ಯೆ ಸಹಜ ಸ್ಥಿತಿಗೆ ಬಂತು. 2001ರ ಮೇ ತಿಂಗಳಲ್ಲಿ ಅಮೆರಿಕದಲ್ಲಿ ಒಪ್ಪಿಗೆ ಸಿಕ್ಕಿತು. ಕೆಲವೇ ವರ್ಷಗಳಲ್ಲಿ ಜೀವ ತೆಗೆಯುತ್ತಿದ್ದ ಸಿಎಂಎಲ್, ಇವತ್ತು ಬಹುಪಾಲು ಜನ ದಿನಾ ಮಾತ್ರೆ ತಗೊಂಡು ಬಾಳುವ ಕಾಯಿಲೆ.

ಈ ಕಥೆಯ ಒಂದು ತುದಿ ನಮ್ಮ ದೇಶದಲ್ಲೂ ಇದೆ. ಇದೇ ಔಷಧದ ಒಂದು ರೂಪಕ್ಕೆ ನೋವಾರ್ಟಿಸ್ ಕಂಪನಿ ಕೇಳಿದ್ದ ಪೇಟೆಂಟನ್ನು 2013ರ ಏಪ್ರಿಲ್ 1ರಂದು ಸುಪ್ರೀಂ ಕೋರ್ಟ್ ನಿರಾಕರಿಸಿತು. ಹಾಗಾಗಿ ಭಾರತೀಯ ಕಂಪನಿಗಳ ಅಗ್ಗದ ಮಾತ್ರೆ ಅಂಗಡಿಯಲ್ಲಿ ಉಳಿಯಿತು. ಅದೇ ವರ್ಷ ಡಿಸೆಂಬರ್‌ನಲ್ಲಿ ಅಂಡಾಶಯದ ಕ್ಯಾನ್ಸರಿನಿಂದ ರೌಲಿ ತೀರಿಕೊಂಡರು. ತಾವು ತೆರೆದ ದಾರಿ ಎಲ್ಲ ಕ್ಯಾನ್ಸರುಗಳಿಗೂ ಇನ್ನೂ ಮುಟ್ಟಿಲ್ಲ ಅನ್ನೋದು ಅವರಿಗಿಂತ ಚೆನ್ನಾಗಿ ಯಾರಿಗೆ ಗೊತ್ತಿತ್ತು?

ಅವರ ಕತ್ತರಿಯ ಕೆಲಸವನ್ನು ಈಗ ಅಲ್ಗಾರಿದಮ್‌ಗಳು ಮಾಡುತ್ತವೆ. ಸುಮಾರು 300 ಕೋಟಿ ಅಕ್ಷರಗಳ ನಮ್ಮ ಜೀನೋಮನ್ನು ಯಂತ್ರ ನೂರೈವತ್ತು ಅಕ್ಷರಗಳಷ್ಟು ಚಿಕ್ಕ ಚಿಕ್ಕ ತುಣುಕುಗಳಾಗಿ ಓದುತ್ತದೆ. ಒಂದೇ ತುಣುಕಿನ ಅರ್ಧ 22ಕ್ಕೂ ಇನ್ನರ್ಧ 9ಕ್ಕೂ ಹೊಂದಿದರೆ, ಅಲ್ಲಿ ಅದಲುಬದಲು ಆಗಿರಬಹುದು ಅಂತ ಪ್ರೋಗ್ರಾಂ ಗುರುತು ಹಾಕುತ್ತದೆ. ಡೇಟಾ ಸ್ಟ್ರಕ್ಚರ್ ಕ್ಲಾಸಿನಲ್ಲಿ ನಾವು ತೂಕಡಿಸುತ್ತಾ ಕೇಳುವ ಸ್ಟ್ರಿಂಗ್ ಮ್ಯಾಚಿಂಗ್ ಇಲ್ಲಿ ಒಬ್ಬರಿಗೆ ಯಾವ ಮಾತ್ರೆ ಕೊಡಬೇಕು ಅನ್ನೋದನ್ನು ತೀರ್ಮಾನಿಸಲು ನೆರವಾಗುತ್ತೆ.

ಅದಕ್ಕೇ ಈ ಸಲ ಪ್ರಾಜೆಕ್ಟ್ ಆರಿಸುವಾಗ ಸಿಎಸ್‌ನವರು ಬಯೋಟೆಕ್ ಗೆಳೆಯರ ಜೊತೆ ಒಂದು ಟೀ ಕುಡಿದು ನೋಡಿ. ಲೆಕ್ಕದಲ್ಲಿ ಏನಾದರೂ ಕಮ್ಮಿ ಕಂಡರೆ, ಕಳೆದುಹೋಯ್ತು ಅಂತ ಬರೆಯುವ ಮುಂಚೆ ಪಕ್ಕದ ಸಾಲಿನಲ್ಲೂ ಒಮ್ಮೆ ಹುಡುಕಿ.