ಸಾಕುಹಾವಿನ ಪೆಟ್ಟಿಗೆಯಲ್ಲಿ ಉಷ್ಣತೆ ಮತ್ತು ಆರ್ದ್ರತೆ

ಹಾವುಗಳನ್ನು ಶೀತರಕ್ತಪ್ರಾಣಿಗಳೆಂದು ಕರೆಯುವ ವಾಡಿಕೆ ಬಹುಕಾಲದಿಂದ ಬಂದಿದೆ. ಈ ಹೆಸರು ಅಷ್ಟು ಸಾರ್ಥಕವಾದುದಲ್ಲ. ಹಾವಿನ ರಕ್ತ ಸದಾ ತಣ್ಣಗಿರುವುದಿಲ್ಲ. ಶರೀರಕ್ಕೆ ಬೇಕಾದ ಉಷ್ಣವನ್ನು ಅದು ಬಹುಮಟ್ಟಿಗೆ ಹೊರಗಿನಿಂದ ಪಡೆಯುತ್ತದೆಂಬುದಷ್ಟೇ ಇದರ ತಾತ್ಪರ್ಯ. 1944ರಲ್ಲಿ ಕೌಲ್ಸ್ ಮತ್ತು ಬೋಗರ್ಟ್ ಎಂಬ ಅಮೆರಿಕದ ವಿಜ್ಞಾನಿಗಳು ಮರುಭೂಮಿಯ ಉರಗಗಳನ್ನು ಕುರಿತು ಒಂದು ಪ್ರಬಂಧವನ್ನು ಪ್ರಕಟಿಸಿದರು. ಈ ಪ್ರಾಣಿಗಳು ಬಿಸಿಲಿಗೂ ನೆರಳಿಗೂ ಸರಿದಾಡುತ್ತ ತಮ್ಮ ಮೈಯ ಉಷ್ಣತೆಯನ್ನು ಒಂದು ಮೇರೆಯೊಳಗೆ ಇರಿಸಿಕೊಳ್ಳುತ್ತವೆಂಬುದು ಅದರಿಂದ ಸ್ಪಷ್ಟವಾಯಿತು. ಗಾಜಿನ ಪೆಟ್ಟಿಗೆಯಲ್ಲಿರುವ ಹಾವಿಗಾದರೋ ಈ ಸ್ವಾತಂತ್ರ್ಯ ಸಾಕುವವನು ಒದಗಿಸಿದಷ್ಟೇ. ಅವನು ಉಷ್ಣವನ್ನು ಒದಗಿಸಿ ನೀರಾವಿಯನ್ನು ಮರೆತರೆ ಆಗುವ ಕೇಡನ್ನು ಇಲ್ಲಿ ವಿವೇಚಿಸೋಣ.

ನಿದರ್ಶನಕ್ಕಾಗಿ, ಯೂರೋಪು ಮತ್ತು ಅಮೆರಿಕಗಳ ಮನೆಗಳಲ್ಲಿ ಹೆಚ್ಚಾಗಿ ಸಾಕುವ ಬಾಲ್ ಪೈಥಾನ್ ಎಂಬ ಚಿಕ್ಕ ಹೆಬ್ಬಾವನ್ನು ತೆಗೆದುಕೊಳ್ಳುತ್ತೇವೆ. ಹೆದರಿದಾಗ ಚೆಂಡಿನಂತೆ ಸುತ್ತಿಕೊಳ್ಳುವುದರಿಂದ ಅದಕ್ಕೆ ಈ ಹೆಸರು ಬಂದಿದೆ. ಪಶ್ಚಿಮ ಮತ್ತು ಮಧ್ಯ ಆಫ್ರಿಕದ ಹುಲ್ಲುಗಾವಲುಗಳು ಇದರ ನೆಲೆ. ಹಗಲಿನಲ್ಲಿ ಇಲಿಗಳ ಬಿಲಗಳಲ್ಲಿಯೂ ಹುತ್ತಗಳಲ್ಲಿಯೂ ಅಡಗಿದ್ದು, ರಾತ್ರಿ ಹೊರಬರುತ್ತದೆ. ಹೊರಗೆ ಬಿಸಿಲು ಕಾಯುತ್ತಿದ್ದರೂ ಬಿಲದೊಳಗಣ ಗಾಳಿ ತಂಪಾಗಿಯೂ ತೇವವಾಗಿಯೂ ಇರುತ್ತದೆಂಬುದು ಇಲ್ಲಿ ಮುಖ್ಯವಾದ ಸಂಗತಿ.

ಈಗ ಚಳಿಗಾಲದ ಯೂರೋಪಿನ ಒಂದು ಮನೆಯನ್ನು ಭಾವಿಸೋಣ. ಗಾಳಿಯಲ್ಲಿ ನೀರಾವಿಯ ಪರಮಾವಧಿ ಒತ್ತಡ 0 ಡಿಗ್ರಿ ಸೆಲ್ಸಿಯಸ್‌ನಲ್ಲಿ 6.1 ಮಿಲಿಬಾರ್, 20 ಡಿಗ್ರಿಯಲ್ಲಿ 23.4, 30 ಡಿಗ್ರಿಯಲ್ಲಿ 42.4. ಹೊರಗಿನ 0 ಡಿಗ್ರಿಯ ಗಾಳಿ ನೀರಾವಿಯಿಂದ ಪೂರ್ಣವಾಗಿ ತುಂಬಿದ್ದರೂ, ಮನೆಯೊಳಗೆ ಬಂದು 20 ಡಿಗ್ರಿಗೆ ಕಾದಾಗ ಅದರ ಸಾಪೇಕ್ಷ ಆರ್ದ್ರತೆ ಶೇಕಡ 26ಕ್ಕೆ ಇಳಿಯುತ್ತದೆ. ಅದೇ ಗಾಳಿ ಪೆಟ್ಟಿಗೆಯಲ್ಲಿ 30 ಡಿಗ್ರಿಗೆ ಏರಿದರೆ ಆರ್ದ್ರತೆ ಕೇವಲ ಶೇಕಡ 14. ಗಾಳಿ ಒಂದು ಹನಿ ನೀರನ್ನೂ ಕಳೆದುಕೊಂಡಿಲ್ಲ. ಆದರೆ ಹೀರುವ ಅದರ ಶಕ್ತಿ ಇಮ್ಮಡಿಗಿಂತ ಹೆಚ್ಚಾಗಿದೆ. ಕಾಯಿಸುವುದೆಂದರೆ ಒಣಗಿಸುವುದೇ ಆಗಿದೆ.

ಇದರ ಪರಿಣಾಮ ಪೊರೆ ಬಿಡುವ ಕಾಲದಲ್ಲಿ ತೋರುತ್ತದೆ. ಹಳೆಯ ಹೊರಚರ್ಮದ ಅಡಿಯಲ್ಲಿ ಹೊಸದು ಬೆಳೆದು, ಇವೆರಡರ ನಡುವೆ ದ್ರವ ಸೇರಿದಾಗ ಹಾವಿನ ಕಣ್ಣು ನೀಲಿಛಾಯೆಯ ಹಾಲುಬಣ್ಣ ತಾಳುತ್ತದೆ. ಕೆಲವು ದಿನಗಳಲ್ಲಿ ಕಣ್ಣು ತಿಳಿಯಾಗಿ, ಬಳಿಕ ಪೊರೆ ಇಡಿಯಾಗಿ ಕಳಚಬೇಕು. ಗಾಳಿ ಒಣಗಿದ್ದರೆ ಅದು ಚೂರುಚೂರಾಗಿ ಮೈಗೆ ಅಂಟಿಕೊಳ್ಳುತ್ತದೆ. ಬಾಲದ ತುದಿಯಲ್ಲಿ ಉಂಗುರವಾಗಿ ಉಳಿದ ಪೊರೆ ರಕ್ತಸಂಚಾರವನ್ನು ತಡೆದು ತುದಿಯನ್ನೇ ಕೊಲ್ಲಬಹುದು. ಕಣ್ಣಿನ ಮೇಲೆ ಉಳಿದುದನ್ನು ಅವಿವೇಕದಿಂದ ಕಿತ್ತರೆ ಕಣ್ಣಿಗೇ ಅಪಾಯ.

ಹಾಗೆಂದು ಗಾಳಿಕಿಂಡಿಗಳನ್ನು ಮುಚ್ಚಿ ನೆಲವನ್ನು ನೆನೆಸುವುದೂ ಪರಿಹಾರವಲ್ಲ. ಸದಾ ಒದ್ದೆಯಾದ ಹಾಸಿನ ಮೇಲೆ ಮಲಗಿದ ಹಾವಿನ ಹೊಟ್ಟೆಯ ಹುರುಪೆಗಳಲ್ಲಿ ಬೊಬ್ಬೆಯೆದ್ದು ಕೊಳೆತವುಂಟಾಗುತ್ತದೆ. ತೇವದೊಡನೆ ತಂಪೂ ಸೇರಿದರೆ ಶ್ವಾಸಾಂಗದ ರೋಗಗಳಿಗೆ ಅವಕಾಶವಾಗುತ್ತದೆ. ತೇವವಿರಬೇಕಾದುದು ಗಾಳಿಯಲ್ಲಿ, ನೆಲದ ಮೇಲಲ್ಲ.

ಆದುದರಿಂದ ಪೆಟ್ಟಿಗೆಯಲ್ಲಿ ಒಂದೇ ಉಷ್ಣತೆಯಿರಬಾರದು. ಒಂದು ತುದಿ ಸುಮಾರು 32 ಡಿಗ್ರಿ, ಇನ್ನೊಂದು ಸುಮಾರು 26 ಡಿಗ್ರಿ ಇದ್ದು, ಎರಡೂ ಕಡೆ ಅಡಗುದಾಣವಿರಬೇಕು. ಬಿಸಿಮಾಡುವ ಸಾಧನಕ್ಕೆ ಥರ್ಮೊಸ್ಟ್ಯಾಟ್ ಎಂಬ ನಿಯಂತ್ರಕ ಅವಶ್ಯ. ಅತಿಯಾಗಿ ಕಾದ ಮೇಲ್ಮೈಯಿಂದ ಹಾವು ಸಕಾಲದಲ್ಲಿ ಸರಿಯದೆ ಸುಟ್ಟುಕೊಳ್ಳುವುದು ಪಶುವೈದ್ಯರಿಗೆ ಪರಿಚಿತವಾದ ವಿಷಯ. ಆರ್ದ್ರತಾಮಾಪಕವೂ ಎರಡು ಕಡೆ ಬೇಕು. ಒಳಗಿನ ಗಾಳಿಯಲ್ಲಿ ನೀರಾವಿ ಎಲ್ಲೆಡೆ ಸಮನಾಗಿದೆಯೆಂದಿಟ್ಟುಕೊಂಡರೂ, ತಂಪು ತುದಿಯಲ್ಲಿ ಶೇಕಡ 70 ತೋರುವ ಆರ್ದ್ರತೆ ಬಿಸಿ ತುದಿಯಲ್ಲಿ ಸುಮಾರು ಶೇಕಡ 50 ಮಾತ್ರ ಆಗುತ್ತದೆ. ಒಂದೇ ಮಾಪಕವನ್ನು ನಂಬಿದವನು ಅರ್ಧ ಪೆಟ್ಟಿಗೆಯನ್ನು ಕಾಣದಂತಾಯಿತು. ಅಗಲವಾದ ನೀರಿನ ಬೋಗುಣಿ ಮತ್ತು ಒದ್ದೆ ಪಾಚಿಯನ್ನು ತುಂಬಿದ ಒಂದು ಅಡಗುಡಬ್ಬಿ, ಇವೆರಡರಿಂದ ಬಿಲದ ವಾತಾವರಣವನ್ನು ಬಹುಮಟ್ಟಿಗೆ ಅನುಕರಿಸಬಹುದು. ಉಳಿದ ನೆಲ ಒಣಗಿರಲಿ, ಗಾಳಿ ಆಡುತ್ತಿರಲಿ.

ನಾಗರಹಾವು, ಹೆಬ್ಬಾವು ಮೊದಲಾದ ನಮ್ಮ ದೇಶದ ಹಾವುಗಳನ್ನು ಮನೆಯಲ್ಲಿ ಸಾಕುವುದು 1972ರ ವನ್ಯಜೀವಿ ಸಂರಕ್ಷಣಾ ಅಧಿನಿಯಮದಂತೆ ನಿಷಿದ್ಧ. ಅದಕ್ಕೆ ಪ್ರೋತ್ಸಾಹವೀಯುವುದು ನಮ್ಮ ಉದ್ದೇಶವಲ್ಲ. ಆದರೆ ಮೃಗಾಲಯಗಳಲ್ಲಿಯೂ ರಕ್ಷಣಾಕೇಂದ್ರಗಳಲ್ಲಿಯೂ ಹಾವುಗಳನ್ನು ನೋಡಿಕೊಳ್ಳುವವರಿಗೆ ಇದೇ ಭೌತನಿಯಮ ಅನ್ವಯಿಸುತ್ತದೆ. ಉಷ್ಣತೆಯನ್ನು ಎಷ್ಟು ಏರಿಸಿದೆವೆಂದು ಲೆಕ್ಕವಿಡುವಾಗ, ಗಾಳಿಯ ಬಾಯಾರಿಕೆಯನ್ನು ಎಷ್ಟು ಹೆಚ್ಚಿಸಿದೆವೆಂಬುದನ್ನೂ ಜೊತೆಯಲ್ಲಿಯೇ ಎಣಿಸಬೇಕು. ಹಾಗೆ ಎಣಿಸದಿದ್ದಲ್ಲಿ ಆ ಬಾಯಾರಿಕೆಯನ್ನು ತಣಿಸುವ ಹೊಣೆ ಹಾವಿನ ಮೈಯ ಮೇಲೆಯೇ ಬೀಳುತ್ತದೆ.